ಕಟ್ಟಿಕೊಂಡವನಿಗೆ ಮೊದಲೇ ಮದುವೆಯಾಗಿತ್ತಾ? ಮುಂದೆ ಏನು ಮಾಡಬೇಕು

ಮದುವೆಯಾಗಿ ಒಂದೆರಡು ವರ್ಷ ಕಳೆದ ಮೇಲೆ ಒಂದು ಫೋನ್ ಬರುತ್ತದೆ. ಆ ಕಡೆಯ ಹೆಂಗಸು, 'ನೀನು ಕಟ್ಟಿಕೊಂಡಿರೋನು ನನ್ನ ಗಂಡ ಕಣಮ್ಮ' ಎನ್ನುತ್ತಾಳೆ. ಇಲ್ಲವೇ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೋದಾಗ ಹೆಂಡತಿಯ ಜಾಗದಲ್ಲಿ ಆಗಲೇ ಬೇರೊಬ್ಬಳ ಹೆಸರು ಕಾಣುತ್ತದೆ. ಮೈಸೂರು, ಮಂಡ್ಯ ಕಡೆ ಇಂಥ ಸಂಕಟ ಹೊಸದೇನಲ್ಲ.

ಆಗ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು, 'ಸುಮ್ನಿರು, ಮರ್ಯಾದೆ ಹೋಗುತ್ತೆ'. ಎರಡನೆಯದು, 'ನಿಂದು ಮದುವೇನೇ ಅಲ್ವಂತೆ, ಇನ್ನೇನು ಹಕ್ಕು ಕೇಳ್ತೀಯಾ'. ಎರಡನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ಮದುವೆ ಅಸಿಂಧು, ಅಂದರೆ ಕಾನೂನಿನ ಲೆಕ್ಕಕ್ಕೇ ಬಾರದ್ದು ಎಂಬುದು ನಿಜ. ಆದರೆ ಮೋಸ ಹೋದವಳಿಗೆ ಜೀವನಾಂಶ ಕೇಳಲು, ಮೋಸ ಮಾಡಿದವನನ್ನು ಕೋರ್ಟಿಗೆ ತರಲು, ಮಕ್ಕಳಿಗೆ ಆಸ್ತಿಪಾಲು ಪಡೆಯಲು ದಾರಿ ಇದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗಳ ಬಗ್ಗೆ. ಹೆಂಡತಿಯೇ ಮೊದಲ ಮದುವೆ ಮುಚ್ಚಿಟ್ಟಿದ್ದರೂ ಎರಡನೇ ಮದುವೆ ಅಸಿಂಧುವೇ, ಶಿಕ್ಷೆಯೂ ಅದೇ. ವಿಶೇಷ ವಿವಾಹ ಕಾಯ್ದೆಯಲ್ಲೂ ಕ್ರೈಸ್ತರ ಮದುವೆಯಲ್ಲೂ ಎರಡನೇ ಮದುವೆಗೆ ಜಾಗವಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಗಂಡಸಿನ ಲೆಕ್ಕ ಬೇರೆ. ಅದಕ್ಕೆ ಬೇರೆ ಲೇಖನವೇ ಬೇಕು.

ಮೊದಲು ಕಾಗದ, ಆಮೇಲೆ ಜಗಳ

ವಿಷಯ ಗೊತ್ತಾದ ಕೂಡಲೇ ಗಂಡನನ್ನು ಹಿಡಿದು ಕೇಳಬೇಕು ಅನ್ನಿಸುವುದು ಸಹಜ. ಒಂದೆರಡು ದಿನ ತಡೆಯಿರಿ. ನೀವು ಕೇಳಿದ ಮಾರನೇ ದಿನವೇ ಮದುವೆ ಆಲ್ಬಮ್ ಮಾಯವಾಗುತ್ತದೆ, ಫೋನಿನಲ್ಲಿದ್ದ ಮೆಸೇಜ್ ಅಳಿದಿರುತ್ತದೆ.

ಕೋರ್ಟಿಗೆ ಎರಡು ಮದುವೆಯದ್ದೂ ಪುರಾವೆ ಬೇಕು. ಮೊದಲ ಮದುವೆಗೆ ಲಗ್ನಪತ್ರಿಕೆ, ಫೋಟೊ, ನೋಂದಣಿ ಪತ್ರ, ರೇಷನ್ ಕಾರ್ಡ್, ಆ ಮದುವೆಯ ಮಕ್ಕಳ ಜನನ ಪ್ರಮಾಣಪತ್ರ ಆಗುತ್ತವೆ. ಮೊದಲ ಹೆಂಡತಿ ನಿಮ್ಮ ಜೊತೆ ಮಾತನಾಡಲು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಕೆಯೂ ಮೋಸ ಹೋದವಳೇ ಅಲ್ವಾ? ಇಬ್ಬರೂ ಒಬ್ಬರಿಗೊಬ್ಬರು ಸಾಕ್ಷಿಯಾಗಬಹುದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹೆಂಗಸರಿಬ್ಬರು ಬೀದಿಯಲ್ಲಿ ಜಗಳವಾಡಿಕೊಂಡರೆ ಲಾಭ ಆಗುವುದು ಅವನೊಬ್ಬನಿಗೇ.

ನಿಮ್ಮ ಮದುವೆಯ ಪುರಾವೆ ಇನ್ನೂ ಗಟ್ಟಿಯಾಗಿರಬೇಕು. ದ್ವಿಪತ್ನಿತ್ವದ, ಅಂದರೆ ಒಂದು ಮದುವೆ ಇರುವಾಗಲೇ ಇನ್ನೊಂದು ಆದ ಕೇಸುಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಇಲ್ಲೇ. ಎರಡನೇ ಮದುವೆ ಶಾಸ್ತ್ರೋಕ್ತವಾಗಿ ನಡೆದಿದೆ ಎಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಒಟ್ಟಿಗೆ ಬಾಳಿದರು, ಊರವರು ಗಂಡ ಹೆಂಡತಿ ಅಂದುಕೊಂಡರು ಎಂಬುದಷ್ಟೇ ಸಾಲದು. ಬರೀ ನೋಂದಣಿ ಮಾಡಿಸಿದ ಮಾತ್ರಕ್ಕೆ ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಅದೇ ಕೋರ್ಟ್ ಮತ್ತೆ ಹೇಳಿತು.

ಹಾಗೆಂದು ಸಪ್ತಪದಿಯೇ ಆಗಿರಬೇಕೆಂದಿಲ್ಲ. ಎರಡು ಕಡೆಯಲ್ಲಿ ಒಂದು ಕಡೆಯ ಸಂಪ್ರದಾಯದಂತೆ ನಡೆದರೂ ಸಾಕು ಎನ್ನುತ್ತದೆ ಕಾಯ್ದೆಯ 7ನೇ ಸೆಕ್ಷನ್. ನಮ್ಮ ಕಡೆ ಧಾರೆಯೇ ಮುಖ್ಯ ಶಾಸ್ತ್ರವಾಗಿರುವ ಮನೆತನಗಳು ಬಹಳ. ಆದ್ದರಿಂದ ಆಲ್ಬಮ್ ತಿರುವಿ ಹಾಕಿ. ಹುಡುಗಿಯ ಅಪ್ಪ ಅಮ್ಮ ಧಾರೆ ಎರೆಯುತ್ತಿರುವುದು, ಅವನು ತಾಳಿ ಕಟ್ಟುತ್ತಿರುವುದು, ಸಪ್ತಪದಿ ತುಳಿದಿದ್ದರೆ ಅದು, ಹೀಗೆ ಒಂದೊಂದು ಫೋಟೊವನ್ನೂ ಬೇರೆ ತೆಗೆದಿಡಿ. ಆರತಕ್ಷತೆಯಲ್ಲಿ ಹಾರ ಹಾಕಿಕೊಂಡು ನಿಂತ ಫೋಟೊ ನೂರಿದ್ದರೂ ಇವುಗಳ ಮುಂದೆ ನಿಲ್ಲುವುದಿಲ್ಲ. ಛತ್ರದ ರಸೀದಿ, ಪುರೋಹಿತರ ಹೆಸರು, ವಿಡಿಯೊ ತೆಗೆದವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಎಲ್ಲದರ ನಕಲು ತವರಿನಲ್ಲಿರಲಿ.

ಸ್ಟಾಂಪ್ ಪೇಪರ್ ಡಿವೋರ್ಸ್ ಅಲ್ಲ

ಕೇಳಿದಾಗ ಅವನ ಉತ್ತರ ಹೆಚ್ಚುಕಡಿಮೆ ಒಂದೇ: 'ಅವಳಿಗೂ ನನಗೂ ಯಾವ ಸಂಬಂಧವೂ ಇಲ್ಲ, ಪಂಚಾಯ್ತೀಲಿ ತೀರ್ಮಾನ ಆಗೋಗಿದೆ.' ಜೊತೆಗೆ ಒಂದು ಕಾಗದ ತೋರಿಸುತ್ತಾನೆ. 'ಇನ್ನು ಮುಂದೆ ಯಾರ ತಂಟೆಗೂ ಯಾರೂ ಬರತಕ್ಕದ್ದಲ್ಲ' ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆದು, ಎರಡೂ ಕಡೆಯವರು ಸಹಿ ಹಾಕಿ, ಊರಿನ ಯಜಮಾನರು ಸಾಕ್ಷಿ ಹಾಕಿ, ನೋಟರಿಯ ಸೀಲೂ ಬಿದ್ದಿರುತ್ತದೆ. ನೋಡಿದವರಿಗೆ ಪಕ್ಕಾ ಕಾಗದ.

ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ನೋಟರಿಗೆ ವಿಚ್ಛೇದನ ಕೊಡುವ ಅಧಿಕಾರವಿಲ್ಲ, ಪಂಚಾಯಿತಿಗೂ ಇಲ್ಲ. ಒಂದು ಸಣ್ಣ ಕಿಂಡಿ ಇದೆ: ಆ ಜಾತಿಯಲ್ಲಿ ಹಿಂದಿನಿಂದಲೂ ಬಿಡುಗಡೆಯ ಪದ್ಧತಿ ಇದ್ದರೆ ಕಾಯ್ದೆಯ 29ನೇ ಸೆಕ್ಷನ್ ಅದನ್ನು ಉಳಿಸಿದೆ. ಆದರೆ ಅಂಥ ಪದ್ಧತಿ ಇದೆ, ಬಹಳ ಕಾಲದಿಂದ ನಡೆದು ಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಪೂರ್ತಿ ಅವನದ್ದು. ಅದು ಸುಲಭವಲ್ಲ.

'ಮೊದಲನೆಯವಳೇ ಒಪ್ಪಿ ಮದುವೆ ಮಾಡಿಸಿದ್ದು, ಮಕ್ಕಳಿರಲಿಲ್ಲ' ಎಂಬುದೂ ನಿಲ್ಲುವುದಿಲ್ಲ. ಆಕೆಯ ಒಪ್ಪಿಗೆಯಿಂದ ಎರಡನೇ ಮದುವೆ ಸಿಂಧು ಆಗದು. ಹಳ್ಳಿಗಳಲ್ಲಿ ಅಜ್ಜನ ಕಾಲದಲ್ಲಿ ಇಬ್ಬರು ಹೆಂಡಿರು ಇದ್ದರಲ್ಲ ಎಂದು ಕೇಳಬಹುದು. ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಆ ಮೊದಲಿನ ಲೆಕ್ಕ ಬೇರೆ. ಧರ್ಮ ಬದಲಾಯಿಸಿ ಎರಡನೇ ಮದುವೆ ಆಗುವ ಉಪಾಯವನ್ನೂ ಸುಪ್ರೀಂ ಕೋರ್ಟ್ 1995ರಲ್ಲಿ ಮುಚ್ಚಿತು, 2000ದಲ್ಲಿ ಅದನ್ನೇ ಗಟ್ಟಿ ಮಾಡಿತು.

ಮದುವೆ ಅಸಿಂಧು ಎಂದು ಘೋಷಣೆ ಪಡೆಯಿರಿ

ಇಲ್ಲಿ ಡಿವೋರ್ಸ್ ಕೇಳಬೇಕಾಗಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ 11ನೇ ಸೆಕ್ಷನ್ ಅಡಿ, ಈ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಘೋಷಿಸಲು ಅರ್ಜಿ ಹಾಕಬೇಕು. ಮದುವೆ ನಡೆದ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಅವನಿರುವ ಊರು ಅಥವಾ ಹೆಂಡತಿಯಾಗಿ ನೀವು ಈಗ ಇರುವ ಊರು, ಇದರಲ್ಲಿ ಯಾವ ವ್ಯಾಪ್ತಿಯಲ್ಲಾದರೂ ಹಾಕಬಹುದು. ಮೈಸೂರಿನಲ್ಲಿ ಸಂಸಾರ ಮಾಡಿ ಈಗ ಮದ್ದೂರಿನ ತವರಿಗೆ ಬಂದಿದ್ದರೆ ಪ್ರತಿ ವಾಯಿದೆಗೂ ಮೈಸೂರಿಗೆ ಅಲೆಯಬೇಕಿಲ್ಲ. ಮಂಡ್ಯ ಜಿಲ್ಲೆಯಲ್ಲೇ ಹಾಕಬಹುದು.

'ಅಸಿಂಧು ಅಂದ ಮೇಲೆ ಕೋರ್ಟ್ ಯಾಕೆ' ಎಂದು ಕೆಲವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ನಾಳೆ ಮತ್ತೊಂದು ಮದುವೆಗೆ, ಪಾಸ್‌ಪೋರ್ಟಿಗೆ, ದಾಖಲೆಗಳಲ್ಲಿ ಹೆಸರು ಸರಿಪಡಿಸಲು ಆ ಆದೇಶದ ಪ್ರತಿ ಬೇಕಾಗುತ್ತದೆ. ಮದುವೆಯಲ್ಲಿ ಕೊಟ್ಟ ಒಡವೆ, ಸಾಮಾನು ವಾಪಸ್ ಬೇಕೆಂದು ಆಗಲೇ ಕೇಳಿಬಿಡಿ.

ಕ್ರಿಮಿನಲ್ ಕೇಸು

2024ರ ಜುಲೈ 1ರಿಂದ ಈಚೆಗೆ ಆದ ಮದುವೆಗೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್. ಗಂಡನೋ ಹೆಂಡತಿಯೋ ಬದುಕಿರುವಾಗ ಮತ್ತೆ ಮದುವೆಯಾದರೆ 7 ವರ್ಷದವರೆಗೆ ಜೈಲು, ದಂಡ. ಮೊದಲ ಮದುವೆ ಮುಚ್ಚಿಟ್ಟು ಆಗಿದ್ದರೆ 10 ವರ್ಷದವರೆಗೆ. ಅದಕ್ಕೂ ಹಿಂದಿನ ಮದುವೆಗಳಿಗೆ ಹಳೆಯ ಐಪಿಸಿಯ 494, 495.

ಠಾಣೆಗೆ ಹೋದಾಗ 'ಇದು ನಮ್ಮಲ್ಲಿ ಬರಲ್ಲಮ್ಮ, ಕೋರ್ಟಿಗೆ ಹೋಗಿ' ಎಂದು ಕಳಿಸಬಹುದು. 82ರ ಮಟ್ಟಿಗೆ ಆ ಮಾತು ಸರಿ. ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕುವ ಅಪರಾಧ ಇದಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಮೊದಲ ಹೆಂಡತಿ ಕೊಡಬಹುದು, ಅವಳ ಪರವಾಗಿ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಗ ಮಗಳು ಕೂಡ ಕೊಡಬಹುದು. ಮೋಸ ಹೋದ ಎರಡನೆಯವಳೂ ಕೊಡಬಹುದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಠಾಣೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. ತಾನು ನಿಮ್ಮ ಗಂಡನಲ್ಲ ಎಂದು ಅವನಿಗೆ ಗೊತ್ತು. ನೀವು ಗಂಡನೆಂದು ನಂಬಿ ಜೊತೆಗೆ ಬಾಳಿದ್ದೀರಿ. ಕಾನೂನಿನ ಕಣ್ಣಲ್ಲಿ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅದು ಅತ್ಯಾಚಾರದ ವ್ಯಾಖ್ಯೆಯೊಳಗೆ ಬರುತ್ತದೆ. ಮೊದಲ ಮದುವೆ ಮುಚ್ಚಿಟ್ಟವನಿಗೆ ಇದೇ ಆಧಾರದ ಮೇಲೆ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿದಿದೆ. ಇದಕ್ಕೆ ಪೊಲೀಸರು ಎಫ್‌ಐಆರ್ ಹಾಕಲೇಬೇಕು. ಇದು ಭಾರವಾದ ಆರೋಪ. ವಕೀಲರ ಜೊತೆ ಕೂತು ಯೋಚಿಸಿಯೇ ಹೆಜ್ಜೆ ಇಡಿ. ಇಂಥ ದಾರಿ ಇದೆ ಎಂಬುದೇ ಬಹಳ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ ಎಂಬ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮದುವೆಗೆ ಬಂದು ಅಕ್ಷತೆ ಹಾಕಿದವರನ್ನೆಲ್ಲ ಆರೋಪಿ ಮಾಡಬೇಡಿ. ಮೊದಲ ಮದುವೆ ಗೊತ್ತಿದ್ದೂ ಮುಂದೆ ನಿಂತು ಮದುವೆ ಮಾಡಿಸಿದವರ ಹೆಸರಷ್ಟೇ ಕೊಡಿ. ಹೆಸರಿನ ಪಟ್ಟಿ ಉದ್ದವಾದಷ್ಟೂ ಕೇಸು ಎಳೆಯುತ್ತದೆ, ಮೇಲಿನ ಕೋರ್ಟಿನಲ್ಲಿ ಬೀಳುವ ಅಪಾಯವೂ ಜಾಸ್ತಿ.

ಶಿಕ್ಷೆ ಆಗುತ್ತದೆಯೇ? ಆಗುತ್ತದೆ. 2024ರ ಜುಲೈನಲ್ಲಿ ಒಂದು ದ್ವಿಪತ್ನಿತ್ವ ಕೇಸಿನಲ್ಲಿ 'ಕೋರ್ಟು ಮುಗಿಯುವವರೆಗೆ ಕೂತಿರುವ' ಶಿಕ್ಷೆ ತೀರ ಹಗುರ ಎಂದು ಸುಪ್ರೀಂ ಕೋರ್ಟ್ ಅದನ್ನು ಆರು ತಿಂಗಳ ಜೈಲಿಗೆ ಏರಿಸಿತು.

ಜೀವನಾಂಶ

ಬದುಕು ನಡೆಯಬೇಕಲ್ಲ, ಇದನ್ನು ಕೊನೆಗೆ ಇಡಬೇಡಿ. ಬೇರೆ ಅರ್ಜಿಗಳ ಜೊತೆಗೇ ಹಾಕಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ತಿಂಗಳ ಜೀವನಾಂಶ ಕೇಳಬಹುದು. 'ಇವಳು ನನ್ನ ಕಾನೂನುಬದ್ಧ ಹೆಂಡತಿಯೇ ಅಲ್ಲ' ಎಂದು ಅವನು ವಾದಿಸುತ್ತಾನೆ. ಮೊದಲ ಮದುವೆ ಮುಚ್ಚಿಟ್ಟವನು ತನ್ನ ತಪ್ಪಿನ ಲಾಭ ತಾನೇ ಪಡೆಯುವಂತಿಲ್ಲ ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. 2025ರ ಫೆಬ್ರುವರಿಯಲ್ಲಿ ಇನ್ನೊಂದು ತೀರ್ಪು ಬಂತು: ಮದುವೆ ಅಸಿಂಧು ಎಂದು ಘೋಷಣೆಯಾದರೂ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಅಡಿ ಶಾಶ್ವತ ಜೀವನಾಂಶ ಕೇಳಬಹುದು. ಕೊಡುವುದು ಬಿಡುವುದು ಇಬ್ಬರ ನಡತೆ ನೋಡಿ ಕೋರ್ಟಿನ ತೀರ್ಮಾನ.

ಕೇಸು ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೇಳಿ. ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕು ಎಂದು ಕಾನೂನೇ ಹೇಳುತ್ತದೆ. ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಸಲ್ಲಿಸಬೇಕು. ಆದ್ದರಿಂದ ಅವನ ಸಂಬಳದ ಚೀಟಿ, ಜಮೀನಿನ ಪಹಣಿ ಸಿಕ್ಕರೆ ಮೊದಲೇ ಹೊಂದಿಸಿಕೊಳ್ಳಿ. ಹೊಡೆತ ಬಡಿತ ಇದ್ದರೆ, ಮನೆಯಿಂದ ಆಚೆ ಹಾಕಿದ್ದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಿ. ಅವರೇ ಸಂರಕ್ಷಣಾಧಿಕಾರಿ.

ಒಂದು ಮಾತು ನೇರವಾಗಿ ಹೇಳಬೇಕು. ಅವನಿಗೆ ಹೆಂಡತಿ ಇದ್ದಾಳೆಂದು ಗೊತ್ತಿದ್ದೂ ಮದುವೆಯಾಗಿದ್ದರೆ ಈ ರಕ್ಷಣೆಗಳು ಬಹಳ ತೆಳುವಾಗುತ್ತವೆ. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟ ಆರೋಪ ನಿಮ್ಮ ಮೇಲೂ ಬರಬಹುದು.

ಮಕ್ಕಳು ಮತ್ತು ಜಮೀನು

ಅಪ್ಪ ಅಮ್ಮನ ಮದುವೆ ಅಸಿಂಧುವಾದರೂ ಮಕ್ಕಳು ಕಾನೂನುಬದ್ಧ ಮಕ್ಕಳೇ. ಕಾಯ್ದೆಯ 16ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಪ್ಪನ ಸ್ವಯಾರ್ಜಿತದಲ್ಲಿ ಅವರಿಗೆ ಪಾಲಿದೆ. ಪಿತ್ರಾರ್ಜಿತದ ಬಗ್ಗೆ ಗೊಂದಲವಿತ್ತು. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನೂ ಬಿಡಿಸಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಈ ಮಕ್ಕಳು ನೇರವಾಗಿ ಭಾಗ ಕೇಳುವಂತಿಲ್ಲ. ಅಪ್ಪ ಸಾಯುವ ಮುಂಚೆ ಭಾಗವಾಗಿದ್ದರೆ ಅವನ ಪಾಲಿಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಅವರಿಗೆ ಪಾಲಿದೆ.

ಲೆಕ್ಕ ಹಾಕಿ ನೋಡೋಣ. ನಾಲೆ ಬಯಲಿನಲ್ಲಿ ಅಪ್ಪನ ಪಾಲಿಗೆ ಬಂದದ್ದು 2 ಎಕರೆ ಗದ್ದೆ. ಅವನು ವಿಲ್ ಬರೆಯದೆ ಸತ್ತ, ಅವನ ತಾಯಿ ಬದುಕಿಲ್ಲ. ಕಾನೂನುಬದ್ಧ ಹೆಂಡತಿ, ಅವಳಿಗೆ ಒಬ್ಬ ಮಗ, ಎರಡನೆಯವಳಿಗೆ ಇಬ್ಬರು ಮಕ್ಕಳು. ನಾಲ್ಕು ಸಮಪಾಲು, ಒಬ್ಬೊಬ್ಬರಿಗೂ 20 ಗುಂಟೆ. ಎರಡನೆಯವಳಿಗೆ ಪಾಲಿಲ್ಲ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ ವಂಶವೃಕ್ಷದಲ್ಲಿ ಈ ಮಕ್ಕಳ ಹೆಸರನ್ನೇ ಬಿಟ್ಟುಬಿಡುವುದುಂಟು. ಊರಿನ ಗ್ರಾಮ ಆಡಳಿತಾಧಿಕಾರಿಗೆ, ತಹಶೀಲ್ದಾರರಿಗೆ ಮೊದಲೇ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಸರಿಯಾಗಿದೆಯೇ ಎಂದು ಇವತ್ತೇ ನೋಡಿ.

ಸರ್ಕಾರಿ ನೌಕರನಾಗಿದ್ದರೆ ಇಲಾಖಾ ವಿಚಾರಣೆಯನ್ನೂ ಅವನು ಎದುರಿಸಬೇಕು. ಅವನು ಸತ್ತರೆ ಕುಟುಂಬ ಪಿಂಚಣಿ ಮೊದಲ ಹೆಂಡತಿಗೆ. ಎರಡನೆಯವಳಿಗಿಲ್ಲ, ಆದರೆ ಅವಳ ಮಕ್ಕಳಿಗೆ ನಿಯಮದಂತೆ ಪಾಲು ಸಿಗುತ್ತದೆ.

ಮದುವೆಗೆ ಮುಂಚೆ ನೋಡಬೇಕಾದ್ದು

ಎರಡನೇ ಸಂಬಂಧ ಎಂದು ಹೇಳಿಯೇ ಬಂದರೆ ಡಿವೋರ್ಸ್ ಆದೇಶದ ದೃಢೀಕೃತ ಪ್ರತಿ ಕೇಳಿ. ಕೇಸ್ ನಂಬರನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿ ನೋಡಿ. ಮೇಲ್ಮನವಿಯ ಅವಧಿ ಮುಗಿದಿರಲಿ, 90 ದಿನ ಬಿಟ್ಟರೆ ಒಳ್ಳೆಯದು. ಹೆಂಡತಿ ತೀರಿಕೊಂಡಿದ್ದಾಳೆ ಎಂದರೆ ಮರಣ ಪ್ರಮಾಣಪತ್ರ ಕೇಳಿ. ಹೀಗೆ ಕೇಳಿದ್ದಕ್ಕೇ ಸಿಟ್ಟಾಗುವ ಮನೆಯ ಜೊತೆ ಸಂಬಂಧ ಬೇಡ.

ದುಡ್ಡಿಲ್ಲ ಎಂದು ನಿಲ್ಲಬೇಡಿ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಮನೆಯಲ್ಲಿ ಅಪಾಯವಿದ್ದರೆ 181 ಅಥವಾ 112. ಮೊದಲ ದಿನ ಹೋಗುವಾಗ ಆಧಾರ್, ಲಗ್ನಪತ್ರಿಕೆ, ಧಾರೆಯ ಫೋಟೊಗಳು, ಮಕ್ಕಳ ಜನನ ಪ್ರಮಾಣಪತ್ರ, ಮೊದಲ ಮದುವೆಯ ಬಗ್ಗೆ ಸಿಕ್ಕ ಚೂರುಪಾರು ಕಾಗದ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಕೊಳ್ಳಿ. ಯಾವ ದಿನ ಏನಾಯಿತು ಎಂದು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡು ಹೋಗಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.