ಮುಂದಿನ ಬ್ರೇಕ್‌ಗೆ ಹೆದರಬೇಡಿ

ಹೊಸಬರಿಗೆ ಬೈಕ್ ಕಲಿಸುವಾಗ ನಾನು ನೋಡುವುದು ಅವರ ಬಲಗೈಯನ್ನು. ಮುಂದಿನ ಬ್ರೇಕ್ ಇರುವುದು ಅಲ್ಲಿ, ಹಿಂದಿನದು ಕಾಲಲ್ಲಿ. ‘ನಿಲ್ಲಿಸಿ’ ಅಂದ ಕೂಡಲೇ ಬಹಳಷ್ಟು ಜನ ಕಾಲು ಒತ್ತುತ್ತಾರೆ, ಕೈ ಅಲ್ಲಾಡುವುದೇ ಇಲ್ಲ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ ಅಂತ ಯಾರೋ ತಲೆಗೆ ತುಂಬಿರುತ್ತಾರೆ. ಮೊದಲು ಆ ಭಯ ಹೋಗಬೇಕು.

ಬ್ರೇಕ್ ಬಿದ್ದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟಯರ್ ರಸ್ತೆಯನ್ನು ಗಟ್ಟಿಯಾಗಿ ಕಚ್ಚುತ್ತದೆ, ಹಿಂದಿನದು ಹಗುರವಾಗುತ್ತದೆ. ಜೋರಾಗಿ ನಿಲ್ಲಿಸುವಾಗ ಸುಮಾರು 70% ಕೆಲಸ ಮುಂದಿನ ಬ್ರೇಕಿನದೇ. ಹಿಂದಿನದೊಂದನ್ನೇ ಒತ್ತಿದರೆ ಚಕ್ರ ಲಾಕ್ ಆಗಿ, ಅಂದರೆ ತಿರುಗುವುದೇ ನಿಂತು, ಗಾಡಿಯ ಹಿಂಭಾಗ ಜಾರುತ್ತದೆ, ನಿಲ್ಲುವುದಂತೂ ತಡ.

ಗಾಡಿಗಳಿಲ್ಲದ, ಒಣಗಿದ, ಸಮತಟ್ಟಾದ ಜಾಗಕ್ಕೆ ಹೋಗಿ. 30 ಕಿ.ಮೀ. ವೇಗ ಸಾಕು. ಹ್ಯಾಂಡಲ್ ನೇರ ಇರಲಿ, ನೋಟ ದೂರ ಇರಲಿ. ಆಕ್ಸಿಲರೇಟರ್ ಬಿಟ್ಟು ಎರಡೂ ಬ್ರೇಕ್ ಹಾಕಿ. ಮುಂದಿನ ಲಿವರನ್ನು ಮಾತ್ರ ಎರಡು ಹಂತದಲ್ಲಿ ಹಿಡಿಯಿರಿ. ಮೊದಲು ಅದರ ಸಡಿಲ ಮುಗಿಯುವಷ್ಟು. ಆಗ ಮುಂದಿನ ಫೋರ್ಕ್ (ಚಕ್ರವನ್ನು ಹಿಡಿದಿರುವ ಎರಡು ಕೊಳವೆ) ಸ್ವಲ್ಪ ತಗ್ಗುತ್ತದೆ, ನಿಮ್ಮ ಎದೆ ಮುಂದಕ್ಕೆ ತಳ್ಳಿದಂತಾಗುತ್ತದೆ. ಭಾರ ಮುಂದಕ್ಕೆ ಬಂತು ಅಂತ ಅರ್ಥ. ಈಗ ಒತ್ತಡ ಹೆಚ್ಚಿಸುತ್ತಾ ಹೋಗಿ. ಸರಕ್ಕನೆ ಎಳೆದರೆ ಭಾರ ಬರುವ ಮೊದಲೇ ಚಕ್ರ ಲಾಕ್ ಆಗುತ್ತದೆ. ಜನ ಬೀಳುವುದು ಹೀಗೆ, ಬ್ರೇಕಿನ ಹೆಸರು ಸುಮ್ನೆ ಕೆಡುತ್ತದೆ. ಮುಂದಿನ ಚಕ್ರ ಲಾಕ್ ಆದರೆ ತಕ್ಷಣ ಬಿಟ್ಟು ಮತ್ತೆ ಹಿಡಿಯಿರಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಲಿವರ್ ಕೈಗೆ ಟಕಟಕ ಅಂತ ಬಡಿಯಬಹುದು. ಗಾಬರಿಯಾಗಿ ಬಿಡಬೇಡಿ, ಒತ್ತಿಯೇ ಹಿಡಿಯಿರಿ. ಕೈಗೆ ಅಭ್ಯಾಸ ಕೂತ ಮೇಲೆ ವೇಗ ಸ್ವಲ್ಪ ಸ್ವಲ್ಪ ಏರಿಸಿ.

ಇಷ್ಟೆಲ್ಲ ಯಾಕೆ? 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡು, ಬೆರಳು ಲಿವರ್ ಮುಟ್ಟುವಷ್ಟರಲ್ಲಿ ಆ ಸೆಕೆಂಡು ಹೋಗಿಬಿಡುತ್ತದೆ. ಬ್ರೇಕ್ ಶುರುವಾಗುವುದೇ ಆಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಅದಕ್ಕೇ ಜಂಕ್ಷನ್ ಹತ್ತಿರ ಬಂದಾಗ ಎರಡು ಬೆರಳು ಮೊದಲೇ ಲಿವರ್ ಮೇಲಿರಲಿ.

ಜಂಕ್ಷನ್ ಅಂದರೆ ನನಗೆ ಯಾವಾಗಲೂ ಅನುಮಾನ. ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು, ವರದಿ 1981ರಲ್ಲಿ ಬಂತು. ಬೇರೆ ವಾಹನಕ್ಕೆ ಡಿಕ್ಕಿಯಾದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗದಲ್ಲಿ ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದು ಆ ವಾಹನವೇ. ಚಾಲಕರು ಹೇಳುವುದು ಒಂದೇ ಮಾತು: ‘ಕಾಣಿಸಲೇ ಇಲ್ಲ’. ಎಷ್ಟೋ ಸಲ ಅದು ನಿಜವೂ ಹೌದು. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಇಡೀ ಬೈಕ್ ಅಡಗಿಬಿಡಬಹುದು.

ಹಾಗಾಗಿ ಚಾಲಕರ ಮುಖ ನೋಡಿ ಸಮಾಧಾನ ಪಡಬೇಡಿ. ಕಣ್ಣು ನಿಮ್ಮ ಕಡೆ ತಿರುಗಿದ ಮಾತ್ರಕ್ಕೆ ನಿಮ್ಮನ್ನು ಕಂಡರು ಅಂತೇನಿಲ್ಲ. ಕಾರಿನ ಮುಂದಿನ ಚಕ್ರ ನೋಡಿ. ಗಾಡಿ ಹೊರಟದ್ದು ಮೊದಲು ಗೊತ್ತಾಗುವುದು ಅಲ್ಲೇ. ವೇಗ ತಗ್ಗಿಸಿ, ನಿಮ್ಮ ಲೇನ್ ಒಳಗೇ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಅಲುಗಾಡುವ ವಸ್ತು ಬೇಗ ಕಣ್ಣಿಗೆ ಬೀಳುತ್ತದೆ, ಅಲ್ವಾ?

ತಿರುವಿನಲ್ಲಿ ಬ್ರೇಕ್ ಕೆಲಸ ವಾಲುವ ಮೊದಲೇ ಮುಗಿಯಲಿ. ತಿರುವು ಮುಗಿಯುವ ಕಡೆ ನೋಡಿ. ಗುಂಡಿಯನ್ನೇ ದಿಟ್ಟಿಸಿದರೆ ಗಾಡಿ ಗುಂಡಿಗೇ ಹೋಗುತ್ತದೆ. ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆ ಮೇಲಿನ ಎಣ್ಣೆ ತೇಲುತ್ತದೆ. ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕೂ ಬೇಡ, ವಾಲುವುದೂ ಬೇಡ. ಟಯರ್ ಗಾಳಿಯನ್ನು ಹೊರಡುವ ಮುಂಚೆ, ಟಯರ್ ತಣ್ಣಗಿರುವಾಗಲೇ ನೋಡಿ.

ಹೆಲ್ಮೆಟ್ ಬಗ್ಗೆ ವಾದ ಮಾಡುವ ತಾಳ್ಮೆ ನನಗಿಲ್ಲ. ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಸಾವಿನ ಸಾಧ್ಯತೆಯನ್ನು ಸುಮಾರು 42%, ತಲೆಪೆಟ್ಟಿನದನ್ನು ಸುಮಾರು 69% ಇಳಿಸುತ್ತದೆ. ಆದರೆ ಅದು ತಲೆ ಮೇಲೇ ಉಳಿಯಬೇಕಲ್ಲ. ಪಟ್ಟಿ ಬಿಗಿದು, ಹಿಂಭಾಗದ ಕೆಳಅಂಚಿಗೆ ಕೈ ಕೊಟ್ಟು ಮುಂದಕ್ಕೆ ಉರುಳಿಸಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಹಿಂದೆ ಕೂರುವವರದ್ದನ್ನೂ ಹೀಗೇ ಪರೀಕ್ಷಿಸಿ.