ಆಫೀಸ್ ಕಾಫಿಗೆ ಡಿಕಾಕ್ಷನ್ ಬಾಟಲಿ

ನಮ್ಮ ಆಫೀಸಿನ ಮಷೀನ್ ಕಾಫಿ ಬರೀ ಸಕ್ಕರೆ ನೀರು. ಗುಂಡಿ ಒತ್ತಿದರೆ ಮೇಲೆ ನೊರೆ, ತಳದಲ್ಲಿ ಕರಗದ ಹಾಲಿನ ಪುಡಿ. ಅಡ್ಮಿನ್‌ನವರಿಗೆ ಹೇಳಿ ಹೇಳಿ ಸಾಕಾಯ್ತು. ಮಷೀನ್ ಬದಲಾಯಿಸುವುದು ನಮ್ಮ ಕೈಲಿಲ್ಲ, ಡಿಕಾಕ್ಷನ್ ನಮ್ಮ ಕೈಲಿದೆ ಅಲ್ವಾ?

ಈಗ ರಾತ್ರಿ ಮಲಗುವ ಮುಂಚೆ ಸ್ಟೀಲ್ ಫಿಲ್ಟರ್‌ಗೆ ಮೂರು ದೊಡ್ಡ ಚಮಚ ಪುಡಿ ಹಾಕುತ್ತೇನೆ. ಪುಡಿಯನ್ನು ಮೆಲ್ಲಗೆ ಒತ್ತಬೇಕು. ಜಾಸ್ತಿ ಒತ್ತಿದರೆ ನೀರು ಇಳಿಯುವುದೇ ಇಲ್ಲ. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು ಸುರಿದರೆ ಬೆಳಿಗ್ಗೆಗೆ ಗಟ್ಟಿ ಡಿಕಾಕ್ಷನ್ ರೆಡಿ. ಪುಡಿ ಕೊಳ್ಳುವಾಗ ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ. ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) 49% ವರೆಗೂ ಇರಬಹುದು, ಕಾನೂನೇ ಬಿಟ್ಟಿದೆ! ನನಗೆ ಕಾಫಿ 80, ಚಿಕೋರಿ 20 ಸರಿ. ಚಿಕೋರಿಯೇ ಇಲ್ಲದ್ದು ಹಾಲು ಬೆರೆಸಿದಾಗ ಯಾಕೋ ತೆಳು ಅನಿಸುತ್ತದೆ.

ಪುಟ್ಟ ಸ್ಟೀಲ್ ಬಾಟಲಿಯಲ್ಲಿ ಡಿಕಾಕ್ಷನ್ ತಂದು ಆಫೀಸ್ ಫ್ರಿಜ್‌ನಲ್ಲಿ ಇಡುತ್ತೇನೆ. ಮೈಕ್ರೋವೇವ್‌ನಲ್ಲಿ ಹಾಲು ಮಾತ್ರ ಬಿಸಿ ಮಾಡಿ. ಡಿಕಾಕ್ಷನ್ ಕಾಯಿಸಿದರೆ ಕಹಿ. ಹಾಲು ಇನ್ನೇನು ಉಕ್ಕಬೇಕು ಅನ್ನುವಷ್ಟು ಬಿಸಿಯಿದ್ದರೆ ತಣ್ಣನೆ ಡಿಕಾಕ್ಷನ್ ಬಿದ್ದರೂ ಪರವಾಗಿಲ್ಲ.

ಒಂದೇ ತೊಂದರೆ. ಘಮ ಹಿಡಿದು ಪಕ್ಕದ ಟೀಮಿನವರೂ ಲೋಟದ ಸಮೇತ ಹಾಜರ್. ದೊಡ್ಡ ಫಿಲ್ಟರ್ ಕೊಂಡೆ. ಪುಡಿ ಖರ್ಚು ಈಗ ಎಲ್ಲರೂ ಹಂಚಿಕೊಳ್ಳುತ್ತಾರೆ.