ಬಸುರಿಯ ಮೊದಲ ತಿಂಗಳುಗಳು: ವಾಕರಿಕೆ, ಅಂಬಲಿ, ನೀರು

ಹೊಟ್ಟೆ ಖಾಲಿ ಇದ್ದಷ್ಟೂ ವಾಕರಿಕೆ ಜಾಸ್ತಿ. ಹಾಸಿಗೆ ಪಕ್ಕ ಒಂದು ಹಿಡಿ ಪುರಿ ಇಟ್ಟುಕೊಂಡು ಏಳುವ ಮೊದಲೇ ತಿನ್ನಿ, ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಏಳಿ.

ಆಮೇಲೆ ಅಂಬಲಿ. ಎರಡು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ. ಒಣ ಹಿಟ್ಟನ್ನೇ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ, ಉಪ್ಪು. ಬಿಸಿಗೆ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ಒಗ್ಗರಣೆ ಬೇಡವೇ ಬೇಡ, ಎಷ್ಟೋ ಜನಕ್ಕೆ ಆ ವಾಸನೆಗೇ ಹೊಟ್ಟೆ ತೊಳಸುತ್ತದೆ. ಗುಟುಕು ಗುಟುಕಾಗಿ ಕುಡಿಯಿರಿ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ (ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಹೆಚ್ಚು. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ನೀರೇ ಇರಲಿ. ಆ 20 ಲೀಟರ್ ಕ್ಯಾನು ಹೊರುವುದು ಮಾತ್ರ ಮನೆಯ ಬೇರೆಯವರ ಕೆಲಸ.

ಫೋಲಿಕ್ ಆಸಿಡ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ದಿನವೂ ತಪ್ಪಿಸದೆ ನುಂಗಿ. 12 ವಾರದೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿ.

ರಕ್ತ ಕಂಡರೆ, ಕಿಬ್ಬೊಟ್ಟೆ ಜೋರಾಗಿ ನೋಯುತ್ತಿದ್ದರೆ, ನೀರೂ ನಿಲ್ಲದೆ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.